ಕ್ರೀಟ್‌ನ ಕಡಲೂರಿನಲ್ಲಿ ಯಾವ ತಿಂಗಳ ಗಾಳಿ ಒಳ್ಳೆಯದು?

ಪ್ರಶ್ನೆ: ನಾವು ಉಡುಪಿಯವರು, ಈಗ ಬೆಂಗಳೂರಿನಲ್ಲಿದ್ದೇವೆ. ಒಂದು ವರ್ಷ ಗ್ರೀಸ್‌ನಲ್ಲಿ ಕೂತು ಕೆಲಸ ಮಾಡಲು ಕಂಪನಿ ಒಪ್ಪಿದೆ. ಕ್ರೀಟ್ ದ್ವೀಪದ ಅಗಿಯೋಸ್ ನಿಕೋಲಾಓಸ್‌ನಲ್ಲಿ ಬಾಡಿಗೆ ಮನೆ ನೋಡುತ್ತಿದ್ದೇವೆ. ಎಂಟು ವರ್ಷದ ಮಗಳಿಗೆ ಅಸ್ತಮಾ ಇದೆ. ಸಣ್ಣ ಊರು, ಎದುರಿಗೇ ಕಡಲು, ದೊಡ್ಡ ಕಾರ್ಖಾನೆ ಇಲ್ಲ, ಗಾಳಿ ಶುದ್ಧವಾಗಿರುತ್ತದೆ ಅಂದುಕೊಂಡಿದ್ದೆವು. ಆಮೇಲೆ ಗ್ರೀಸ್‌ನಲ್ಲಿ ಏಪ್ರಿಲ್ ತಿಂಗಳಲ್ಲಿ ಆಕಾಶ ಕಿತ್ತಳೆ ಬಣ್ಣಕ್ಕೆ ತಿರುಗಿದ ಫೋಟೊ ನೋಡಿ ಗಾಬರಿಯಾಯಿತು. ಆದರೆ ಮೊಬೈಲ್ ಆ್ಯಪ್‌ನಲ್ಲಿ ಆ ಊರು ಹೆಚ್ಚುಕಮ್ಮಿ ವರ್ಷವಿಡೀ ಹಸಿರು, ಹಳದಿ. ಯಾವುದನ್ನು ನಂಬಬೇಕು? ಯಾವಾಗ ಹೋಗಬೇಕು, ಮನೆಯಲ್ಲಿ ಏನೇನು ಇರಬೇಕು?

ಉತ್ತರ: ಫೋಟೊವೂ ನಿಜ, ಆ್ಯಪ್‌ನ ಹಸಿರೂ ಬಹುಪಾಲು ನಿಜ. ವರ್ಷದ ಲೆಕ್ಕ ಹಿಡಿದರೆ ಆ ಊರಿನ ಗಾಳಿ ಬೆಂಗಳೂರಿನದಕ್ಕಿಂತ ಎಷ್ಟೋ ಮೇಲು. ಆದರೆ ಅಸ್ತಮಾ ಇರುವ ಮಗುವಿಗೆ ವರ್ಷದ ಸರಾಸರಿಯಿಂದ ಹೆಚ್ಚು ಪ್ರಯೋಜನವಿಲ್ಲ. ಅಲ್ಲಿ ಗಾಳಿ ಕೆಡುವುದು ಮೂರು ಬೇರೆ ಬೇರೆ ಕಾಲದಲ್ಲಿ, ಮೂರು ಬೇರೆ ಬೇರೆ ಕಾರಣಕ್ಕೆ: ವಸಂತದಲ್ಲಿ ಸಹಾರಾದ ಧೂಳು, ಬೇಸಿಗೆಯಲ್ಲಿ ಓಝೋನ್ (ಬಿಸಿಲಿನಲ್ಲಿ ಹುಟ್ಟಿ ಉಸಿರಾಟ ಕೆರಳಿಸುವ ಅನಿಲ), ಚಳಿಗಾಲದ ಸಂಜೆಗಳಲ್ಲಿ ಸೌದೆಯ ಹೊಗೆ. ಒಂದಕ್ಕೆ ಹೇಳಿದ ಉಪಾಯ ಇನ್ನೊಂದಕ್ಕೆ ಆಗಿಬರುವುದಿಲ್ಲ. ಮಾಸ್ಕ್ ಧೂಳನ್ನು ತಡೆಯುತ್ತದೆ, ಓಝೋನನ್ನು ತಡೆಯುವುದಿಲ್ಲ. ಬೇಸಿಗೆಯಲ್ಲಿ ಕತ್ತಲಾದ ಮೇಲೆ ಕಿಟಕಿ ತೆರೆಯಬೇಕು, ಜನವರಿಯಲ್ಲಿ ಅದೇ ಹೊತ್ತಿಗೆ ಮುಚ್ಚಬೇಕು. ಆದ್ದರಿಂದ ಕ್ಯಾಲೆಂಡರಿಗಿಂತ ಮೊದಲು ನೋಡಬೇಕಾದ್ದು ಗಾಳಿ ಯಾವ ದಿಕ್ಕಿನಿಂದ ಬೀಸುತ್ತಿದೆ, ಎಷ್ಟು ಜೋರಾಗಿದೆ ಎಂಬುದನ್ನು.

ಉಡುಪಿಯ ಕಡಲಿನ ಲೆಕ್ಕವನ್ನೂ ಅಲ್ಲಿಗೆ ಒಯ್ಯಬೇಡಿ. ನಮ್ಮ ಕರಾವಳಿಯಲ್ಲಿ ಜೂನ್‌ನಲ್ಲಿ ಮಳೆ ಹಿಡಿದರೆ ಬೇಸಿಗೆಯ ಧೂಳೆಲ್ಲ ತೊಳೆದುಹೋಗುತ್ತದೆ. ಕ್ರೀಟ್‌ನಲ್ಲಿ ಮಳೆ ಚಳಿಗಾಲದ್ದು, ಹೆಚ್ಚಿನ ಪಾಲು ನವೆಂಬರ್‌ನಿಂದ ಮಾರ್ಚ್ ಒಳಗೆ ಬಿದ್ದು ಮುಗಿಯುತ್ತದೆ. ಜೂನ್‌ನಿಂದ ಆಗಸ್ಟ್ ತನಕ ಹನಿ ಬೀಳುವುದೇ ಅಪರೂಪ. ಮೇ ತಿಂಗಳಲ್ಲಿ ರಸ್ತೆಯಂಚಿಗೆ ಕೂತ ಧೂಳು ಸೆಪ್ಟೆಂಬರ್ ತನಕ ಅಲ್ಲೇ ಇದ್ದು, ಬಾಡಿಗೆ ಕಾರು, ಸ್ಕೂಟರ್ ಓಡಾಡಿದಂತೆಲ್ಲ ಮತ್ತೆ ಏಳುತ್ತದೆ.

ಧೂಳು

ಕ್ರೀಟ್‌ನಿಂದ ಲಿಬಿಯಾದ ದಂಡೆಗೆ ಸುಮಾರು 300 ಕಿಲೋಮೀಟರ್ ಅಷ್ಟೇ. ಮಾರ್ಚ್‌ನಿಂದ ಮೇ ತನಕ, ಕೆಲವು ವರ್ಷ ಫೆಬ್ರವರಿಯಲ್ಲೇ, ಅಟ್ಲಾಸ್ ಪರ್ವತಗಳ ದಕ್ಷಿಣಕ್ಕೆ ಹುಟ್ಟಿದ ವಾಯುಭಾರ ಕುಸಿತಗಳು ಆಫ್ರಿಕಾದ ಉತ್ತರ ದಂಡೆಗುಂಟ ಪೂರ್ವಕ್ಕೆ ಸಾಗುತ್ತವೆ. ಅವುಗಳ ಮುಂದೆ ಬೀಸುವ ದಕ್ಷಿಣದ ಗಾಳಿ ಮರುಭೂಮಿಯ ಧೂಳನ್ನು ಎತ್ತಿ ಸಮುದ್ರ ದಾಟಿಸುತ್ತದೆ. ನಿಮ್ಮ ಊರು ದ್ವೀಪದ ಉತ್ತರ ಮಗ್ಗುಲಲ್ಲಿದೆ, ನಡುವೆ ಬೆಟ್ಟಸಾಲಿದೆ, ಅದು ಧೂಳನ್ನು ತಡೆಯುತ್ತದೆ ಎಂದು ಅನಿಸಬಹುದು. ಆಗುವುದು ಉಲ್ಟಾ. ಬೆಟ್ಟ ಹತ್ತಿ ಬಂದ ಗಾಳಿ ಉತ್ತರದ ಇಳಿಜಾರಿನಲ್ಲಿ ಧುಮುಕುವಾಗ ಇನ್ನಷ್ಟು ಬಿಸಿಯಾಗಿ, ಒಣಗಿ, ಮೇಲೆ ತೇಲುತ್ತಿದ್ದ ಧೂಳನ್ನು ನೆಲದ ಮಟ್ಟಕ್ಕೆ ಎಳೆದು ತರುತ್ತದೆ. 2018ರ ಮಾರ್ಚ್ 22ರಂದು ಕ್ರೀಟ್‌ನ ಉತ್ತರ ದಂಡೆಯಲ್ಲಿ ಪಿಎಂ 10 (10 ಮೈಕ್ರಾನ್ ಒಳಗಿನ ಗಾತ್ರದ ಕಣಗಳು) ಪ್ರಮಾಣ ಘನಮೀಟರಿಗೆ ಸಾವಿರಾರು ಮೈಕ್ರೋಗ್ರಾಂ ಮುಟ್ಟಿದ್ದರ ಹಿಂದೆ ಈ ಇಳಿಗಾಳಿಯ ಕೈವಾಡವೂ ಇತ್ತು. ನೀವು ನೋಡಿದ ಕಿತ್ತಳೆ ಫೋಟೊ ಬಹುಶಃ 2024ರ ಏಪ್ರಿಲ್ 23ರಂದು ಅಥೆನ್ಸ್‌ನಲ್ಲಿ ತೆಗೆದದ್ದು. ಅಂಥವು ವಿಪರೀತದ ದಿನಗಳು. ಮಾಮೂಲಿ ಧೂಳಿನ ದಿನ ಪಿಎಂ 10 ನೂರರ ಆಸುಪಾಸಿನಲ್ಲಿರುತ್ತದೆ, ಆಕಾಶ ಕಿತ್ತಳೆಯಾಗುವುದಿಲ್ಲ, ಬಿಸಿಲು ಮಂಕಾಗಿ ಹಾಲು ಬೆರೆಸಿದ ಚಹಾದ ಬಣ್ಣಕ್ಕೆ ತಿರುಗುತ್ತದೆ.

ಇದು ಬರುವ ರೀತಿಯಲ್ಲಿ ಒಂದು ಕ್ರಮವಿದೆ. ಮೊದಲ ದಿನ ಗಾಳಿ ದಕ್ಷಿಣಕ್ಕೆ ತಿರುಗುತ್ತದೆ, ಮಾರ್ಚ್ ತಿಂಗಳಾದರೂ ಉಷ್ಣತೆ 25 ಡಿಗ್ರಿ ದಾಟುತ್ತದೆ, ಒಗೆದ ಬಟ್ಟೆ ಗಂಟೆಯೊಳಗೆ ಗರಿಗರಿಯಾಗಿ ಒಣಗುತ್ತದೆ. ಧೂಳು ಇನ್ನೂ ಕಾಣದಿದ್ದರೂ ಕಿಟಕಿ ಮುಚ್ಚಿ ಸಿದ್ಧವಾಗಬೇಕಾದ್ದು ಆಗಲೇ. ಸಾಮಾನ್ಯವಾಗಿ ಒಂದರಿಂದ ಮೂರು ದಿನ ಇರುತ್ತದೆ. ಕೊನೆಗೆ ಗಾಳಿ ಒಮ್ಮೆಲೆ ಪಶ್ಚಿಮಕ್ಕೋ ವಾಯವ್ಯಕ್ಕೋ ತಿರುಗಿ ತಂಪಾಗುತ್ತದೆ. ಆಗ ನಾಲ್ಕು ಹನಿ ಮಳೆ ಬಿದ್ದರೆ ಅದು ಕೆಸರು ಮಳೆ, ಕಾರಿನ ಗಾಜಿನ ಮೇಲೆ ಕಂದು ಚುಕ್ಕೆ ಬಿಡುತ್ತದೆ. ಗಾಳಿ ತಿರುಗಿದ ಕೂಡಲೇ ಕಿಟಕಿ ತೆರೆಯಬೇಡಿ, ಎರಡು ಮೂರು ಗಂಟೆ ತಡೆಯಿರಿ. ಆಮೇಲೆ ಮನೆಯೆಲ್ಲ ತೆರೆದು ಗಾಳಿಯಾಡಲು ಬಿಡಿ.

ಹೆಚ್ಚಿನವರು ಎಡವುವುದು ಆಮೇಲಿನ ಸ್ವಚ್ಛತೆಯಲ್ಲಿ. ಬಾಲ್ಕನಿಯಲ್ಲಿ ಕೂತ ಧೂಳನ್ನು ಪೊರಕೆ ಹಿಡಿದು ಗುಡಿಸಿದರೆ ಕೆಳಗೆ ಬಿದ್ದದ್ದೆಲ್ಲ ಮತ್ತೆ ಮೂಗಿಗೇ ಬರುತ್ತದೆ. ಮೊದಲು ನೀರು ಚಿಮುಕಿಸಿ, ಒದ್ದೆ ಬಟ್ಟೆಯಲ್ಲಿ ಒರೆಸಿ. ಕ್ರಮ ಮೇಲಿನಿಂದ ಕೆಳಕ್ಕೆ: ಕಿಟಕಿಯ ಹಲಗೆ ಬಾಗಿಲು, ಕಟಕಟೆ, ಆಮೇಲೆ ನೆಲ. ಎಸಿಯ ಮುಂಭಾಗದ ಜಾಲರಿ ಬಿಚ್ಚಿ ನಲ್ಲಿ ಕೆಳಗೆ ತೊಳೆದು ನೆರಳಲ್ಲಿ ಒಣಗಿಸಿ. ಮಗಳು ಆ ಹೊತ್ತಿಗೆ ಬೇರೆ ಕೋಣೆಯಲ್ಲಿರಲಿ. ಮಳೆಯೇ ಬಾರದೆ ಧೂಳು ಒಣಗಿ ಕೂತರೆ ಮುಂದಿನ ಎರಡು ಮೂರು ದಿನ ರಸ್ತೆಯ ಧೂಳು ಏಳುತ್ತಲೇ ಇರುತ್ತದೆ. ಶಾಲೆಗೆ ಮುಖ್ಯರಸ್ತೆ ಬಿಟ್ಟು ಓಣಿಯ ದಾರಿ ಹಿಡಿಯುವುದು ಲೇಸು.

ಮುನ್ಸೂಚನೆಗೆ ಎರಡು ಒಳ್ಳೆಯ ಜಾಗಗಳಿವೆ: ಬಾರ್ಸಿಲೋನಾದ ಪ್ರಾದೇಶಿಕ ಧೂಳು ಕೇಂದ್ರದ ನಕ್ಷೆಗಳು, ಮತ್ತು ಯುರೋಪಿನ ಕೋಪರ್ನಿಕಸ್ ವಾತಾವರಣ ಸೇವೆ. ಎರಡೂ ಉಚಿತ. ಬಾರ್ಸಿಲೋನಾದ ನಕ್ಷೆಗಳಲ್ಲಿ ಧೂಳಿನದೇ ಎರಡು ಮೂರು ಬಗೆ ಇರುತ್ತವೆ, ಅಲ್ಲಿಯೇ ಜನ ಮೋಸಹೋಗುವುದು. "ಆಪ್ಟಿಕಲ್ ಡೆಪ್ತ್" ಎಂಬ ನಕ್ಷೆ ನೆಲದಿಂದ ಆಕಾಶದವರೆಗಿನ ಒಟ್ಟು ಧೂಳಿನದು. ಧೂಳು 3 ಕಿಲೋಮೀಟರ್ ಮೇಲೆ ತೇಲಿಹೋದರೂ ಅದು ಕಡುಕೆಂಪು ತೋರಿಸುತ್ತದೆ, ಕೆಳಗೆ ನಿಮ್ಮ ಮೂಗಿಗೆ ಏನೂ ತಟ್ಟದಿರಬಹುದು. ನಿಮಗೆ ಬೇಕಾದ್ದು "ಸರ್ಫೇಸ್ ಕಾನ್ಸಂಟ್ರೇಷನ್", ಅಂದರೆ ನೆಲಮಟ್ಟದ ಪ್ರಮಾಣ. ಸಮಯ ಯುಟಿಸಿಯಲ್ಲಿ, ಅಂದರೆ ಜಗತ್ತಿಗೆಲ್ಲ ಒಂದೇ ಆದ ಅಂತರರಾಷ್ಟ್ರೀಯ ಸಮಯದಲ್ಲಿರುತ್ತದೆ. ಚಳಿಗಾಲದಲ್ಲಿ 2 ಗಂಟೆ, ಮಾರ್ಚ್ ಕೊನೆಯ ಭಾನುವಾರದಿಂದ ಅಕ್ಟೋಬರ್ ಕೊನೆಯ ಭಾನುವಾರದ ತನಕ 3 ಗಂಟೆ ಕೂಡಿಸಿಕೊಳ್ಳಿ. ಎರಡು ದಿನ ಮುಂಚಿನ ಮುನ್ಸೂಚನೆ ಸಾಕಷ್ಟು ನಂಬಬಹುದಾದದ್ದು. ನಾಲ್ಕನೇ ದಿನದ್ದನ್ನು ಸುಮ್ಮನೆ ಗಮನದಲ್ಲಿಟ್ಟರೆ ಸಾಕು.

ಆ್ಯಪ್ ಮತ್ತು ಮಾಪಕ

ಸಣ್ಣ ಊರುಗಳಿಗೆ ಆ್ಯಪ್ ತೋರಿಸುವ ಅಂಕಿ ಬಹುಮಟ್ಟಿಗೆ ಅಲ್ಲಿ ಅಳೆದದ್ದಲ್ಲ, ಕಂಪ್ಯೂಟರ್ ಮಾದರಿಯ ಲೆಕ್ಕ. ಕೋಪರ್ನಿಕಸ್‌ನ ಯುರೋಪ್ ಮಾದರಿಯ ಒಂದೊಂದು ಚೌಕ ಸುಮಾರು 10 ಕಿಲೋಮೀಟರ್ ಅಗಲ. ಕಡಲೂರಿನ ಚೌಕದಲ್ಲಿ ಅರ್ಧ ನೀರು, ಉಳಿದದ್ದರಲ್ಲಿ ಬೆಟ್ಟ, ಆಲಿವ್ ತೋಟ, ಮೂಲೆಯಲ್ಲಿ ಊರು. ನೂರಾರು ಕಿಲೋಮೀಟರ್ ಹರಡಿ ಬರುವ ಧೂಳು, ಓಝೋನ್‌ಗಳನ್ನು ಇಂಥ ಮಾದರಿ ಚೆನ್ನಾಗಿಯೇ ಹಿಡಿಯುತ್ತದೆ. ನಿಮ್ಮ ಬೀದಿಯ ಹತ್ತು ಚಿಮಣಿಯ ಹೊಗೆಯನ್ನು ಹಿಡಿಯುವುದಿಲ್ಲ, ಅದನ್ನು ಇಡೀ ಚೌಕಕ್ಕೆ ಸವರಿ ತೆಳು ಮಾಡಿಬಿಡುತ್ತದೆ. ಜನವರಿಯ ರಾತ್ರಿ ಎಂಟಕ್ಕೆ ಆ್ಯಪ್ ಹಸಿರು ತೋರಿಸಿ ಹೊರಗೆ ಹೊಗೆ ವಾಸನೆ ಬಂದರೆ ಮೂಗನ್ನು ನಂಬಿ.

ಬಾಲ್ಕನಿಗೆ ಸಣ್ಣ ಮಾಪಕ ಕೊಳ್ಳುವ ಯೋಚನೆ ಇದ್ದರೆ ಕೊಳ್ಳಿ, ಆದರೆ ಅದರ ಎರಡು ದೋಷ ತಿಳಿದಿರಲಿ. ಪರ್ಪಲ್ ಏರ್ ಮತ್ತು ಇಂಥ ಹಲವು ಮಾಪಕಗಳ ಒಳಗಿರುವುದು ಪ್ಲಾಂಟವರ್ ಕಂಪನಿಯ ಲೇಸರ್ ಸಂವೇದಕ. ಅದು ನಿಜವಾಗಿ ಎಣಿಸುವುದು ಅತಿ ಸಣ್ಣ ಕಣಗಳನ್ನು. ದಪ್ಪ ಕಣಗಳ ಪ್ರಮಾಣವನ್ನು ಅದರಿಂದ ಅಂದಾಜು ಮಾಡುತ್ತದೆ. ಹೊಗೆಗೆ ಈ ಅಂದಾಜು ಸರಿಹೋಗುತ್ತದೆ, ಸಹಾರಾ ಧೂಳಿಗೆ ಪೂರಾ ತಪ್ಪುತ್ತದೆ, ಏಕೆಂದರೆ ಧೂಳಿನ ತೂಕವೆಲ್ಲ ದಪ್ಪ ಕಣಗಳಲ್ಲಿದೆ. ಕೊಲ್ಲಿಯಾಚೆ ಏನೂ ಕಾಣದಷ್ಟು ಧೂಳು ಕವಿದಿದ್ದಾಗಲೂ ಮಾಪಕ "ಪರವಾಗಿಲ್ಲ" ಎನ್ನಬಹುದು. ಎರಡನೆಯದು ತೇವ. ತೇವಾಂಶ ಶೇಕಡ 75 ದಾಟಿದರೆ ಗಾಳಿಯಲ್ಲಿನ ಸಮುದ್ರದ ಉಪ್ಪಿನ ಕಣ ನೀರು ಹೀರಿ ಕರಗಿ ಉಬ್ಬುತ್ತದೆ, ಮಾಪಕ ಅದನ್ನು ಮಾಲಿನ್ಯವೆಂದು ಎಣಿಸಿ ಅಂಕಿಯನ್ನು ಏರಿಸುತ್ತದೆ. ಬೆಳಗಿನ ಜಾವ ಕಡಲ ಕಡೆಯ ಬಾಲ್ಕನಿಯಲ್ಲಿ ಅಂಕಿ ಏರಿ, ಬಿಸಿಲು ಬಂದ ಮೇಲೆ ತಾನಾಗಿ ಇಳಿದರೆ ಬಹುಶಃ ಇದೇ ಕಾರಣ.

ನಂಬಬಹುದಾದ ಮಾಪನ ಸಿಕ್ಕಿದರೆ ಪಿಎಂ 2.5 (2.5 ಮೈಕ್ರಾನ್ ಒಳಗಿನ ಸೂಕ್ಷ್ಮ ಕಣಗಳು) ಅನ್ನು ಪಿಎಂ 10ರಿಂದ ಭಾಗಿಸಿ ನೋಡಿ. ಉತ್ತರ 0.2ರಿಂದ 0.4ರ ಒಳಗಿದ್ದು ಪಿಎಂ 10 ಐವತ್ತು ದಾಟಿದ್ದರೆ ಧೂಳು. 0.7ಕ್ಕಿಂತ ಮೇಲಿದ್ದರೆ ಹೊಗೆ. ಅನುಪಾತ ಕಡಿಮೆ, ಪಿಎಂ 10 ಕೂಡ ಕಡಿಮೆ, ಹೊರಗೆ ಬಡಗಣ ಗಾಳಿ ಜೋರು ಅಂದರೆ ಅಲೆ ಸಿಡಿಸಿದ ಉಪ್ಪು, ತಲೆಕೆಡಿಸಿಕೊಳ್ಳಬೇಕಿಲ್ಲ. ಮಾಪನವೇ ಸಿಗದಿದ್ದರೆ ಕಣ್ಣಿದೆ. ಅಗಿಯೋಸ್ ನಿಕೋಲಾಓಸ್‌ನ ದಂಡೆಯಿಂದ ಮಿರಾಬೆಲ್ಲೊ ಕೊಲ್ಲಿಯ ಆಚೆ ತ್ರಿಪ್ತಿ ಬೆಟ್ಟಗಳು ಕಾಣುತ್ತವೆ. ಬೆಟ್ಟದ ಕಣಿವೆ, ಬಂಡೆ ಬಿಡಿಬಿಡಿಯಾಗಿ ಕಂಡರೆ ಗಾಳಿಯಲ್ಲಿ ಕಣ ಕಡಿಮೆ. ಬೆಟ್ಟ ಕಂದು-ಹಳದಿಯಲ್ಲಿ ಮುಳುಗಿದ್ದರೆ ಧೂಳು. ಬೇಸಿಗೆಯಲ್ಲಿ ಬಿಳಿಚಿದ ಮಬ್ಬು ಇದ್ದರೆ ಅದು ಸೂಕ್ಷ್ಮ ಕಣ ಮತ್ತು ತೇವ ಸೇರಿದ್ದು. ಓಝೋನ್ ಮಾತ್ರ ಕಣ್ಣಿಗೆ ಕಾಣುವುದೇ ಇಲ್ಲ.

ಸೂಚ್ಯಂಕದ ಬಣ್ಣಗಳ ಬಗ್ಗೆ ಒಂದು ಎಚ್ಚರಿಕೆ. ಭಾರತದ, ಅಮೆರಿಕದ, ಯುರೋಪಿನ ಸೂಚ್ಯಂಕಗಳು ಒಂದೇ ಗಾಳಿಗೆ ಬೇರೆ ಬೇರೆ ಬಣ್ಣ ಕೊಡುತ್ತವೆ. ದಿನದ ಪಿಎಂ 10 ಸರಾಸರಿ 150 ಇದೆ ಅನ್ನಿ. ಅಮೆರಿಕದ ಲೆಕ್ಕದಲ್ಲಿ ಅದು 100ರ ಒಳಗೆ, ಇನ್ನೂ ಹಳದಿ. ಭಾರತದ ಲೆಕ್ಕದಲ್ಲಿ 130ರ ಮೇಲೆ, "ಮಧ್ಯಮ". ಯುರೋಪಿನಲ್ಲಿ ಈಗ ಜಾರಿಯಲ್ಲಿರುವ ದಿನದ ಮಿತಿ 50, ಅಂದರೆ ಮೂರು ಪಟ್ಟು. ನಮ್ಮ ದೇಶದ ಮಿತಿ 100. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದ್ದು 45. ಬೆಂಗಳೂರಿನಲ್ಲಿ ಬಳಸುವ ಆ್ಯಪ್ ಅನ್ನೇ ಅಲ್ಲೂ ಬಳಸುವುದಾದರೆ ಬಣ್ಣ ಬಿಟ್ಟು ಮೈಕ್ರೋಗ್ರಾಂ ಅಂಕಿಯನ್ನು ತೆರೆದು ನೋಡುವ ಅಭ್ಯಾಸ ಮಾಡಿಕೊಳ್ಳಿ. ಸರ್ಕಾರಿ ವಾರ್ಷಿಕ ವರದಿಗಳನ್ನು ಓದುವಾಗಲೂ ಹುಷಾರು. ಸಹಾರಾ ಧೂಳು, ಸಮುದ್ರದ ಉಪ್ಪು ಇವು ನೈಸರ್ಗಿಕ ಎಂದು ತೋರಿಸಿ, ಮಿತಿ ಮೀರಿದ ದಿನಗಳಿಂದ ಕಳೆಯಲು ಐರೋಪ್ಯ ಒಕ್ಕೂಟದ ಕಾನೂನು ಅವಕಾಶ ಕೊಟ್ಟಿದೆ. ಆಡಳಿತದ ದೃಷ್ಟಿಯಿಂದ ಅದು ನ್ಯಾಯವೇ, ಮರುಭೂಮಿಗೆ ದಂಡ ಹಾಕಲಾಗುವುದಿಲ್ಲ. ಆದರೆ ಶ್ವಾಸಕೋಶಕ್ಕೆ ಆ ಕಳೆಯುವ ಲೆಕ್ಕ ಗೊತ್ತಿಲ್ಲ.

ಬೇಸಿಗೆ: ಯಾರೂ ಹೇಳದ ಓಝೋನ್

ಪ್ರವಾಸಿಗರ ಕಣ್ಣಿಗೆ ಜುಲೈ, ಆಗಸ್ಟ್ ಅತಿ ಶುದ್ಧ ಗಾಳಿಯ ತಿಂಗಳು. ಉತ್ತರದಿಂದ ಮೆಲ್ಟೆಮಿ ಗಾಳಿ ದಿನಗಟ್ಟಲೆ ಬೀಸುತ್ತದೆ, ಆಕಾಶ ನೀಲಿ, ಹೊಗೆ ಇಲ್ಲ. ಓಝೋನ್ ಹೆಚ್ಚಿರುವುದು ಆಗಲೇ. ನಿಮ್ಮ ಊರಿಗೆ ಹತ್ತಿರದಲ್ಲೇ, ಅದೇ ಉತ್ತರ ದಂಡೆಯಲ್ಲಿ, ಫಿನೊಕಾಲಿಯಾ ಎಂಬಲ್ಲಿ ಕ್ರೀಟ್ ವಿಶ್ವವಿದ್ಯಾಲಯದ ವಾತಾವರಣ ಅಧ್ಯಯನ ಕೇಂದ್ರವಿದೆ, 1993ರಿಂದ ಕೆಲಸ ಮಾಡುತ್ತಿದೆ. ಊರು, ಕಾರ್ಖಾನೆ ಯಾವುದೂ ಇಲ್ಲದ ಆ ಗುಡ್ಡದ ಮೇಲೆ ಬೇಸಿಗೆಯ ಓಝೋನ್ ದೊಡ್ಡ ನಗರಗಳ ಹೊರವಲಯದಷ್ಟೇ ಇರುತ್ತದೆ, ಎಷ್ಟೋ ದಿನ ಘನಮೀಟರಿಗೆ 120 ಮೈಕ್ರೋಗ್ರಾಂ ಆಸುಪಾಸು. ಕಾರಣ ಸ್ಥಳೀಯವಲ್ಲ. ಯುರೋಪ್ ಖಂಡದ ವಾಹನ, ಕಾರ್ಖಾನೆಗಳ ಅನಿಲಗಳು ಬಿಸಿಲಿನಲ್ಲಿ ಬೆಂದು ಓಝೋನ್ ಆಗಿ ಮೆಲ್ಟೆಮಿಯ ಜೊತೆ ತೆಂಕಣಕ್ಕೆ ಬರುತ್ತವೆ. ಪೂರ್ವ ಮೆಡಿಟರೇನಿಯನ್ನಿನಲ್ಲಿ ಬೇಸಿಗೆಯಿಡೀ ಮೇಲಿನ ಗಾಳಿ ಕೆಳಕ್ಕೆ ಇಳಿಯುತ್ತಿರುವುದರಿಂದ ಎತ್ತರದ ಓಝೋನೂ ಅದಕ್ಕೆ ಸೇರುತ್ತದೆ.

ಯುರೋಪಿನಲ್ಲಿ ಎಂಟು ಗಂಟೆಯ ಸರಾಸರಿಗೆ 120 ಗುರಿ, ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ 100. ಜನರಿಗೆ ಮಾಹಿತಿ ಕೊಡಬೇಕಾದ ಮಟ್ಟ ಒಂದು ಗಂಟೆಯ ಸರಾಸರಿಗೆ 180. ಅಲ್ಲಿಯ ತೊಂದರೆ 180 ಮುಟ್ಟುವ ಒಂದೆರಡು ದಿನದ್ದಲ್ಲ, 100ರಿಂದ 130ರ ನಡುವೆ ವಾರಗಟ್ಟಲೆ ಇಳಿಯದೆ ನಿಲ್ಲುವುದು. ಹಾಗಾಗಿ ಎಚ್ಚರಿಕೆಯ ಸಂದೇಶ ಬರಲೆಂದು ಕಾಯುತ್ತ ಕೂತರೆ ಅದು ಬರುವುದೇ ಇಲ್ಲ, ಮಗು ಮಾತ್ರ ಕೆಮ್ಮುತ್ತಿರುತ್ತದೆ.

"ಓಝೋನ್ ದಿನ ಬೆಳಗ್ಗೆ ಹೊರಗೆ ಹೋಗಿ" ಎಂಬ ಸಲಹೆ ಎಲ್ಲೆಡೆ ಸಿಗುತ್ತದೆ. ಅದು ನಗರಗಳಿಗೆ ಸರಿ. ಅಲ್ಲಿ ರಾತ್ರಿಯ ವಾಹನದ ಹೊಗೆಯಲ್ಲಿರುವ ನೈಟ್ರಿಕ್ ಆಕ್ಸೈಡ್ ಓಝೋನನ್ನು ತಿಂದುಹಾಕುತ್ತದೆ. ಗಾಳಿಗೆ ಒಡ್ಡಿದ ಕಡಲ ಕೋಡಿನಲ್ಲಿ ಅದನ್ನು ತಿನ್ನುವವರಿಲ್ಲ, ರಾತ್ರಿಯೂ ಓಝೋನ್ ಹೆಚ್ಚು ಇಳಿಯುವುದಿಲ್ಲ. ಊರ ಒಳಗೆ, ಗುಡ್ಡದ ಮರೆಯಲ್ಲಿ, ಗಾಳಿ ನಿಂತ ರಾತ್ರಿಗಳಲ್ಲಿ ಇಳಿಯುತ್ತದೆ. ಆದ್ದರಿಂದ ಮೆಲ್ಟೆಮಿ ಜೋರಾಗಿರುವ ವಾರ ಬೆಳಗಿನ ಲಾಭ ಸ್ವಲ್ಪ, ಗಾಳಿ ಶಾಂತವಾದ ದಿನ ಲಾಭ ಜಾಸ್ತಿ. ಏನೇ ಇರಲಿ, ಮಧ್ಯಾಹ್ನ 12ರಿಂದ ಸಂಜೆ 7ರ ತನಕ ಓಟ, ಸೈಕಲ್, ಜೋರಿನ ಈಜು ಬೇಡ. ಈಜನ್ನು 11ರೊಳಗೆ ಮುಗಿಸಿ. ಆ ಹೊತ್ತಿನಲ್ಲಿ ಕಿಟಕಿ ಮುಚ್ಚಿದರೆ ಗೋಡೆ, ಪರದೆ, ಬಟ್ಟೆಗಳ ಮೇಲೆ ಓಝೋನ್ ತಾನಾಗಿ ನಾಶವಾಗುತ್ತ ಒಳಗಿನ ಮಟ್ಟ ಹೊರಗಿನ ಅರ್ಧಕ್ಕಿಂತಲೂ ಕೆಳಗಿಳಿಯುತ್ತದೆ. ಸ್ಪ್ಲಿಟ್ ಎಸಿ ಒಳಗಿನ ಗಾಳಿಯನ್ನೇ ತಿರುಗಿಸುವುದರಿಂದ ಅದನ್ನು ಧೈರ್ಯವಾಗಿ ಹಾಕಿ. ಗಾಳಿ ಶುದ್ಧೀಕಾರಕದ ಹೆಪಾ ಶೋಧಕ ಸಣ್ಣ ಕಣಗಳನ್ನು ಹಿಡಿಯುವಂಥದ್ದು, ಓಝೋನಿಗೆ ಪ್ರಯೋಜನವಿಲ್ಲ. "ಅಯಾನೈಸರ್" ಗುಂಡಿ ಇರುವ ಶುದ್ಧೀಕಾರಕವಾದರೆ ಆ ಗುಂಡಿಯನ್ನು ಸದಾ ಆರಿಸಿಡಿ, ಕೆಲವು ತಾವೇ ಓಝೋನ್ ಹುಟ್ಟಿಸುತ್ತವೆ.

ಬೇಸಿಗೆಯ ಉಳಿದ ವಿಷಯ ಬೇಗ ಹೇಳಿಬಿಡಬಹುದು. ಹಡಗಿನ ಹೊಗೆ: 2025ರ ಮೇ 1ರಿಂದ ಇಡೀ ಮೆಡಿಟರೇನಿಯನ್ನಿನಲ್ಲಿ ಹಡಗಿನ ಇಂಧನದ ಗಂಧಕ ಶೇಕಡ 0.1ಕ್ಕಿಂತ ಹೆಚ್ಚಿರುವಂತಿಲ್ಲ, ಸಣ್ಣ ಬಂದರಿನಲ್ಲಿ ಇದು ದೊಡ್ಡ ಚಿಂತೆಯಲ್ಲ. ಕಾಡ್ಗಿಚ್ಚು: 2025ರ ಜುಲೈ ಮೊದಲ ವಾರ ಇದೇ ಜಿಲ್ಲೆಯ ಇಯೆರಾಪೆತ್ರಾ ಬಳಿ ಬೆಂಕಿ ಹಬ್ಬಿ ಸಾವಿರಾರು ಜನರನ್ನು ತೆರವು ಮಾಡಿಸಿದರು. 112ರ ತುರ್ತು ಸಂದೇಶ ಮೊಬೈಲಿಗೆ ತಾನಾಗಿ ಬರುತ್ತದೆ, ಫೋನಿನ ಸೆಟ್ಟಿಂಗ್‌ನಲ್ಲಿ ಅದನ್ನು ಆರಿಸಿಲ್ಲವೆಂದು ನೋಡಿಕೊಳ್ಳಿ. ಬೆಂಕಿಯ ಹೊಗೆಗೆ ಧೂಳಿನ ಉಪಾಯವೇ: ಮುಚ್ಚಿದ ಕೋಣೆ, ಶುದ್ಧೀಕಾರಕ, ಮಾಸ್ಕ್. ಊರು ಬಿಡಿ ಅಂದರೆ ಬಿಡುವುದು.

ಚಳಿಗಾಲದ ಸಂಜೆ

ಜನವರಿಯಲ್ಲಿ ಅಲ್ಲಿಯ ಸರಾಸರಿ ಉಷ್ಣತೆ 12 ಡಿಗ್ರಿ ಆಸುಪಾಸು. ಹಿಮ ಬೀಳುವ ಚಳಿಯಲ್ಲ, ಆದರೆ ಮನೆಗಳು ಚಳಿಗೆಂದು ಕಟ್ಟಿದವಲ್ಲ. ಸಂಜೆಯಾದರೆ ಒಲೆ ಹೊತ್ತುತ್ತದೆ. 2012ರ ಅಕ್ಟೋಬರಿನಲ್ಲಿ ಗ್ರೀಸ್ ಸರ್ಕಾರ ಮನೆ ಕಾಯಿಸುವ ಎಣ್ಣೆಯ ತೆರಿಗೆ ಏರಿಸಿದ ಮೇಲೆ ದೇಶದೆಲ್ಲೆಡೆ ಜನ ಸೌದೆಗೆ ಮರಳಿದರು. ಹಳೆ ಪೀಠೋಪಕರಣ, ಬಣ್ಣ ಬಳಿದ ಹಲಗೆ ಕೂಡ ಒಲೆ ಸೇರಿದವು. ಕ್ರೀಟ್‌ನಲ್ಲಿ ಆಲಿವ್ ಸೌದೆ ಮತ್ತು ಎಣ್ಣೆ ತೆಗೆದ ಆಲಿವ್ ಬೀಜದ ಚೂರು ಮುಖ್ಯ ಉರುವಲು. ಇದರ ಮೇಲೆ ತೋಟಗಳ ಹೊಗೆ. ನವೆಂಬರ್‌ನಿಂದ ಜನವರಿ ತನಕ ಆಲಿವ್ ಕೊಯ್ಲು, ಅದರ ಬೆನ್ನಿಗೇ ಸವರಿದ ಕೊಂಬೆಗಳನ್ನು ತೋಟದಲ್ಲೇ ಸುಡುವುದು. ಬೆಂಕಿಯ ನಿರ್ಬಂಧದ ಕಾಲ ಮೇ 1ಕ್ಕೆ ಶುರುವಾಗುವುದರಿಂದ ಏಪ್ರಿಲ್ ಒಳಗೆ ಸುಟ್ಟು ಮುಗಿಸುವ ಅವಸರ ಇರುತ್ತದೆ.

ಹೊಗೆ ಕೆಳಗೆ ನಿಲ್ಲುವುದು ಆಕಾಶ ತಿಳಿಯಾಗಿ ಗಾಳಿ ಬಿದ್ದ ರಾತ್ರಿಗಳಲ್ಲಿ. ನೆಲ ಬೇಗ ತಣಿದು ತಂಪುಗಾಳಿ ಕಣಿವೆಗುಂಟ ಕಡಲಿಗೆ ಇಳಿಯುತ್ತದೆ, ದಾರಿಯ ಮನೆಗಳ ಹೊಗೆಯನ್ನೂ ಹೊತ್ತು ತರುತ್ತದೆ. ಸಂಜೆ 7ರಿಂದ ನಡುರಾತ್ರಿಯ ತನಕ ಏರು, ಬೆಳಗ್ಗೆ ಒಲೆ ಹಚ್ಚುವ ಹೊತ್ತಿಗೆ ಸಣ್ಣ ಏರು. ಬಡಗಣ ಗಾಳಿ ಬೀಸುವ ಅಥವಾ ಮಳೆ ಬರುವ ದಿನ ಏನೂ ಇಲ್ಲ. ಹಾಗಾಗಿ ಬೆಳಗ್ಗೆ 11ರಿಂದ ಮಧ್ಯಾಹ್ನ 3ರ ನಡುವೆ ಎರಡೂ ಕಡೆಯ ಕಿಟಕಿ ತೆರೆದು ಹತ್ತು ಹದಿನೈದು ನಿಮಿಷ ಗಾಳಿ ಹಾಯಿಸಿ, ಸೂರ್ಯ ಮುಳುಗುವ ಮೊದಲು ಮುಚ್ಚಿ.

ನಿಮ್ಮ ಬಾಡಿಗೆ ಮನೆಯಲ್ಲಿ ತೆರೆದ ಬೆಂಕಿಗೂಡು ಇದ್ದರೆ ನೋಡಲು ಚೆಂದ, ಹಚ್ಚಬೇಡಿ. ಇನ್ವರ್ಟರ್ ಎಸಿಯನ್ನೇ ಬಿಸಿಗಾಳಿಗೆ ಬಳಸಿ. ಬೇರೆ ದಾರಿಯೇ ಇಲ್ಲದೆ ಬಾಗಿಲಿರುವ ಕಬ್ಬಿಣದ ಒಲೆ ಹಚ್ಚುವುದಾದರೆ ಸೌದೆಯ ತೇವ ಶೇಕಡ 20ರ ಒಳಗಿರಬೇಕು. ತೇವಮಾಪಕದ ಮುಳ್ಳನ್ನು ಹೊರತೊಗಟೆಗಲ್ಲ, ಆಗಷ್ಟೇ ಸೀಳಿದ ಮುಖಕ್ಕೆ ಚುಚ್ಚಿ ನೋಡಬೇಕು. ಆಲಿವ್ ಗಟ್ಟಿ ಮರ, ಒಣಗಲು ಎರಡು ವರ್ಷ ಬೇಕಾಗುತ್ತದೆ, "ಈ ವರ್ಷ ಕಡಿದದ್ದು, ಒಣಗಿದೆ" ಎಂದು ಮಾರುವವರ ಮಾತು ನಂಬಬೇಡಿ. ಅಪಾಯದ ಮಾತು ಇನ್ನೊಂದಿದೆ: ಒಲೆ ಉರಿಯುವಾಗ ಅಡುಗೆಮನೆಯ ಹೊಗೆ ಎಳೆಯುವ ಫ್ಯಾನ್ ಹಾಕಿ, ಕಿಟಕಿಯನ್ನೂ ಬಿಗಿಯಾಗಿ ಮುಚ್ಚಿದ್ದರೆ, ಫ್ಯಾನ್ ಚಿಮಣಿಯ ಹೊಗೆಯನ್ನು ಒಳಕ್ಕೆ ಎಳೆಯುತ್ತದೆ. ವಾಸನೆಯೇ ಇಲ್ಲದ ಕಾರ್ಬನ್ ಮೊನಾಕ್ಸೈಡ್ ಜೊತೆಗೇ ಬರುತ್ತದೆ. ಇಎನ್ 50291 ಗುರುತಿರುವ ಎಚ್ಚರಿಕೆ ಗಂಟೆ ಕೊಂಡು ಒಲೆಯಿರುವ ಕೋಣೆಯಲ್ಲೂ ಮಲಗುವ ಕೋಣೆಯಲ್ಲೂ ಒಂದೊಂದು ಹಾಕಿ.

ಚಳಿಗಾಲದಲ್ಲಿ ಅಸ್ತಮಾ ಕೆರಳಿಸುವುದರಲ್ಲಿ ಹೊರಗಿನ ಹೊಗೆಗಿಂತ ಒಳಗಿನ ಬೂಷ್ಟು ಮುಂದಿರುವುದೂ ಉಂಟು. ಬೇಸಿಗೆ ಪ್ರವಾಸಿಗರಿಗೆಂದು ಕಟ್ಟಿದ ತೆಳುಗೋಡೆಯ ಮನೆಗಳು ಡಿಸೆಂಬರ್‌ನಲ್ಲಿ ಅಗ್ಗಕ್ಕೆ ಸಿಗುತ್ತವೆ. ತಣ್ಣನೆಯ ಗೋಡೆಯ ಮೇಲೆ ಉಸಿರಿನ ತೇವ ಕೂತು ಬೀರುವಿನ ಹಿಂದೆ ಕಪ್ಪು ಬೂಷ್ಟು ಹತ್ತುತ್ತದೆ. ಮನೆ ನೋಡಲು ಹೋದಾಗ ಬೀರು ಸರಿಸಿ ನೋಡಿ. ಹಾಸಿಗೆಯ ತಲೆಭಾಗದ ಗೋಡೆ, ಬಚ್ಚಲಿನ ಚಾವಣಿಯ ಮೂಲೆಗಳನ್ನೂ ನೋಡಿ. ಹೊಸದಾಗಿ ಬಣ್ಣ ಬಳಿದ ಒಂದೇ ಗೋಡೆ ಇದ್ದರೆ ಅನುಮಾನಪಡಿ. ಒಳಗಿನ ತೇವಾಂಶ 40ರಿಂದ 60ರ ನಡುವೆ ಇರಬೇಕು. ಸದಾ 65 ದಾಟುತ್ತಿದ್ದರೆ ತೇವಹೀರುವ ಯಂತ್ರ ಬೇಕೇಬೇಕು, ಬಟ್ಟೆಯನ್ನು ಮಲಗುವ ಕೋಣೆಯಲ್ಲಿ ಒಣಹಾಕಬಾರದು.

ಪರಾಗ, ಸಾಮಾನು, ಹೋಗುವ ಹೊತ್ತು

ಆಲಿವ್ ಹೂ ಬಿಡುವುದು ಏಪ್ರಿಲ್ ನಡುವಿನಿಂದ ಜೂನ್ ಮೊದಲ ವಾರದ ತನಕ. ಅದರ ಪರಾಗದ ಕಣ ಸುಮಾರು 20 ಮೈಕ್ರಾನ್ ದಪ್ಪ, ಪಿಎಂ 10 ಲೆಕ್ಕಕ್ಕೇ ಬರುವುದಿಲ್ಲ. ಗಾಳಿ ಸೂಚ್ಯಂಕ ಹಸಿರಿದ್ದು ಮಗಳ ಕಣ್ಣು ಕೆಂಪಾಗಿ ಮೂಗು ಸೋರುತ್ತಿದ್ದರೆ ಪರಾಗವನ್ನು ಶಂಕಿಸಿ. ಹಳೆ ಕಲ್ಲುಗೋಡೆಗಳ ಸಂದಿಯಲ್ಲಿ ಬೆಳೆಯುವ ಪ್ಯಾರಿಯೆಟೇರಿಯಾ ಎಂಬ ಕಳೆಯೂ ವಸಂತದಲ್ಲಿ ಅಷ್ಟೇ ಕಾಟ ಕೊಡುತ್ತದೆ. ಹೊರಡುವ ಮೊದಲು ಅಲರ್ಜಿ ಪರೀಕ್ಷೆ ಮಾಡಿಸುವುದಾದರೆ ಆಲಿವ್ ಮತ್ತು ಇದು ಪಟ್ಟಿಯಲ್ಲಿವೆಯೇ ಎಂದು ಕೇಳಿ, ಇಲ್ಲಿ ಮಾಮೂಲಿಯಾಗಿ ನೋಡುವ ಪರಾಗಗಳ ಪಟ್ಟಿಯಲ್ಲಿ ಇವು ಇಲ್ಲದಿರಬಹುದು.

ಶುದ್ಧೀಕಾರಕದ ಅಳತೆ ಹೀಗೆ. ಮಗಳು ಮಲಗುವ ಕೋಣೆ 4 ಮೀಟರ್ ಉದ್ದ, 3.5 ಅಗಲ, 2.7 ಎತ್ತರ ಅನ್ನಿ, ಸುಮಾರು 38 ಘನಮೀಟರ್. ಗಂಟೆಗೆ ಐದು ಸಲ ಗಾಳಿ ಶುದ್ಧವಾಗಬೇಕಾದರೆ 190 ಘನಮೀಟರ್ ಬೇಕು. ಪೆಟ್ಟಿಗೆಯ ಮೇಲೆ ಬರೆದಿರುವ ಸಾಮರ್ಥ್ಯ ಅತಿ ಜೋರಿನ ವೇಗದ್ದು, ಆ ಸದ್ದಿನಲ್ಲಿ ಮಗು ಮಲಗುವುದಿಲ್ಲ. ಆದ್ದರಿಂದ ಗಂಟೆಗೆ 300 ಘನಮೀಟರ್‌ನದು ಕೊಂಡು ನಡುವಿನ ವೇಗದಲ್ಲಿ ಓಡಿಸಿ. ಗ್ರೀಸ್‌ನಲ್ಲೂ 230 ವೋಲ್ಟ್, 50 ಹರ್ಟ್ಸ್. ಇಲ್ಲಿನ ನೆಬ್ಯುಲೈಜರ್ ಪ್ಲಗ್ ಅಡಾಪ್ಟರ್ ಹಾಕಿದರೆ ನಡೆಯುತ್ತದೆ. ಶುದ್ಧೀಕಾರಕವನ್ನು ಮಾತ್ರ ಅಲ್ಲೇ ಕೊಳ್ಳಿ, ಏಕೆಂದರೆ ಬದಲಿ ಶೋಧಕ ಅಲ್ಲಿ ಸಿಗಬೇಕು. ಧೂಳಿನ ಕಾಲದಲ್ಲಿ ಹೊರಪದರದ ಜಾಲರಿಯನ್ನು ವಾರಕ್ಕೊಮ್ಮೆ ಒರೆಸದಿದ್ದರೆ ಒಳಗಿನ ಹೆಪಾ ಬೇಗ ಕಟ್ಟಿಕೊಳ್ಳುತ್ತದೆ.

ಮಾಸ್ಕ್ ಎಫ್‌ಎಫ್‌ಪಿ2 (ಸಣ್ಣ ಕಣ ತಡೆಯುವ ಯುರೋಪಿನ ದರ್ಜೆ) ಇರಲಿ, ಮಕ್ಕಳ ಅಳತೆಯದು. ಕೆನ್ನೆಯ ಬದಿಯಲ್ಲಿ ಸಂದು ಬಿಟ್ಟರೆ ಹಾಕಿಯೂ ಪ್ರಯೋಜನವಿಲ್ಲ. ಮಾಸ್ಕ್‌ನಲ್ಲಿ ಉಸಿರು ಕಟ್ಟುತ್ತದೆ ಎಂದು ಮಗಳು ಹೇಳಿದರೆ ಒತ್ತಾಯ ಮಾಡದೆ ಒಳಗೆ ಕರೆದುಕೊಳ್ಳಿ. ನಿಮ್ಮ ವೈದ್ಯರಿಂದ ಅಸ್ತಮಾ ಯೋಜನೆಯನ್ನು ಇಂಗ್ಲಿಷಿನಲ್ಲಿ ಬರೆಸಿಕೊಳ್ಳಿ: ದಿನದ ಔಷಧ ಯಾವುದು, ಉಬ್ಬಸ ಬಂದಾಗ ಎಷ್ಟು ಸಲ ಒತ್ತುವುದು, ಯಾವ ಹಂತದಲ್ಲಿ ಆಸ್ಪತ್ರೆಗೆ. ಔಷಧದ ಹೆಸರು ಬ್ರ್ಯಾಂಡ್‌ನದಲ್ಲ, ಮೂಲ ರಸಾಯನದ್ದಿರಲಿ. ಧೂಳಿನ ಮುನ್ಸೂಚನೆ ಬಂದಾಗ ದಿನದ ಔಷಧವನ್ನು ಹೆಚ್ಚಿಸಬೇಕೇ ಎಂಬುದನ್ನು ಅವರೇ ಮೊದಲೇ ಬರೆದುಕೊಡಲಿ, ನೀವಾಗಿ ಏರಿಸಿ ಇಳಿಸಬೇಡಿ.

ಹೋಗಲು ಸೆಪ್ಟೆಂಬರ್ ನಡುಭಾಗ ಎಲ್ಲಕ್ಕಿಂತ ಒಳ್ಳೆಯದು. ಓಝೋನ್ ಇಳಿಮುಖ, ಒಲೆಗಳು ಇನ್ನೂ ಹೊತ್ತಿರುವುದಿಲ್ಲ, ಪರಾಗ ಕಡಿಮೆ. ಶರತ್ಕಾಲದಲ್ಲಿ ಧೂಳು ಬಂದರೂ ವಸಂತದಷ್ಟು ಸಲವಲ್ಲ. ಮಗಳಿಗೆ ಹೊಸ ಜಾಗ ಒಗ್ಗಲು, ನಿಮಗೆ ಮನೆ ಬದಲಿಸಬೇಕಾದರೆ ಬದಲಿಸಲು ಎರಡು ತಿಂಗಳು ಸಿಗುತ್ತವೆ. ಮಾರ್ಚ್ ಕೊನೆಯಲ್ಲಿ ಹೋಗಿ ಇಳಿಯುವುದು ಎಲ್ಲಕ್ಕಿಂತ ಕೆಟ್ಟದ್ದು: ಧೂಳು, ಪರಾಗ, ತೋಟ ಸುಡುವ ಹೊಗೆ ಮೂರೂ ಒಟ್ಟಿಗೆ ಬರುವ ಕಾಲ ಅದು.

ಮನೆ ಆರಿಸುವಾಗ ಊರ ನಡುವಿನ ವೂಲಿಸ್ಮೆನಿ ಕೆರೆಯ ಸುತ್ತಲಿನಂಥ ತಗ್ಗು ಬೇಡ, ಗಾಳಿ ಬಿದ್ದ ರಾತ್ರಿ ಹೊಗೆ ಇಳಿದು ನಿಲ್ಲುವುದು ಅಂಥಲ್ಲೇ. ಗುಡ್ಡದ ತುತ್ತತುದಿಯೂ ಬೇಡ, ಮೆಲ್ಟೆಮಿಯ ವಾರಗಳಲ್ಲಿ ಅಲ್ಲಿ ಬಿಡುವಿರುವುದಿಲ್ಲ. ಇಳಿಜಾರಿನ ನಡುವೆ, ಎರಡು ದಿಕ್ಕಿಗೆ ಕಿಟಕಿ ಇರುವ, ಕಿಟಕಿಗಳಿಗೆ ರಬ್ಬರ್ ಪಟ್ಟಿ ಸರಿಯಾಗಿರುವ ಮನೆ ನೋಡಿ. ಕಿಟಕಿಯ ಸಂದಿಗೆ ಕಾಗದದ ಚೂರು ಸಿಕ್ಕಿಸಿ ಮುಚ್ಚಿ ಎಳೆದರೆ ಕಾಗದ ಸಲೀಸಾಗಿ ಬರಬಾರದು. ಕೆಳಗಿನ ಮಹಡಿಯಲ್ಲಿ ಇದ್ದಿಲ ಮೇಲೆ ಮಾಂಸ ಸುಡುವ ಹೋಟೆಲ್ ಇದೆಯೇ, ಅದರ ಹೊಗೆಕೊಳವೆ ಎಲ್ಲಿ ಬಾಯಿ ತೆರೆಯುತ್ತದೆ ಎಂಬುದನ್ನು ಸಂಜೆ ಹೊತ್ತು ಹೋಗಿ ನೋಡಿ. ಮಧ್ಯಾಹ್ನ ಮನೆ ತೋರಿಸುವ ದಲ್ಲಾಳಿ ಅದನ್ನು ತೋರಿಸುವುದಿಲ್ಲ.